ಬಿಳಿ ಕುದುರೆಯ ಹಳದಿ ಕಲೆ: ಮೊದಲು ಲಾಯ ನೋಡಿ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಹೊರವಲಯದಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಅವಳ ಹೆಣ್ಣು ಕುದುರೆಗೆ 9 ವರ್ಷ, ಅಚ್ಚ ಬಿಳುಪು. ಮುಂದಿನ ತಿಂಗಳು ಒಂದು ಭಾನುವಾರ ಬೆಳಿಗ್ಗೆ 7ಕ್ಕೆ ಮೊದಲ ಡ್ರೆಸಾಜ್ (ಕುದುರೆಯನ್ನು ಹಿಡಿತದಲ್ಲಿ, ಲಯಬದ್ಧವಾಗಿ ನಡೆಸಿ ತೋರಿಸುವ) ಸ್ಪರ್ಧೆ. ದಿನಾ ಶಾಂಪೂ ಹಾಕಿ ತೊಳೆದರೂ ಹಿಂಗಾಲಿನ ಮಂಡಿ, ಹೊಟ್ಟೆಯ ಪಕ್ಕ, ಬಾಲ ಹಳದಿಯಾಗೇ ಇವೆ. ಬಟ್ಟೆಗೆ ಹಾಕುವ ನೀಲಿ ಹಚ್ಚೋಣ ಅನ್ನುತ್ತಾರೆ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್. ಹಚ್ಚಬಹುದೇ ಸರ್?

ಉತ್ತರ: ನೀಲಿ ಬೇಡಮ್ಮ, ಬ್ಲೀಚಂತೂ ಬೇಡವೇ ಬೇಡ. ಆದರೆ ನಿಮ್ಮ ಸೈಸ್ ಯೋಚಿಸಿದ ದಾರಿ ಸರಿಯಾಗಿದೆ. ನೀಲಿ-ನೇರಳೆ ಛಾಯೆ ಹಳದಿಯನ್ನು ಕಣ್ಣಿಗೆ ಕಾಣದಂತೆ ಅಡಗಿಸುತ್ತದೆ. ಬಿಳಿ ಪಂಚೆಗೆ ನೀಲಿ ಹಾಕುವುದೂ ಅದಕ್ಕೇ. ಇದೇ ಕೆಲಸಕ್ಕೆ ಕುದುರೆಗೆಂದೇ ಮಾಡಿದ ನೇರಳೆ ಶಾಂಪೂ ಸಿಗುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಮೈಮರೆತರೆ ಕುದುರೆಯೇ ನೇರಳೆಯಾಗುತ್ತದೆ, ಬಾಲ ಎಲ್ಲಕ್ಕಿಂತ ಬೇಗ. ಹಾಗಾಗಿ ಸ್ಪರ್ಧೆಗೆ ಎರಡು ವಾರ ಇರುವಾಗಲೇ ಸ್ವಲ್ಪ ಜಾಗದಲ್ಲಿ ಹಚ್ಚಿ ನೋಡಿಕೊಳ್ಳಿ.

ದಿನಾ ಶಾಂಪೂ ಹಾಕುವುದನ್ನು ಇವತ್ತೇ ನಿಲ್ಲಿಸಿ. ಕುದುರೆಯ ಕೂದಲಿಗೆ ತೆಳುವಾದ ಸಹಜ ಜಿಡ್ಡು ಇರುತ್ತದೆ. ಕೊಳೆ ಒಳಗಿಳಿಯದಂತೆ ತಡೆಯುವುದು ಅದೇ. ನೀವು ಅದನ್ನು ದಿನಾ ತೊಳೆದು ತೆಗೆಯುತ್ತೀರಿ, ಬರಿದಾದ ಕೂದಲು ರಾತ್ರಿ ಗಂಜಲವನ್ನು ಹೀರುತ್ತದೆ. ಮನುಷ್ಯರ ಶಾಂಪೂ ಆದರೆ ಇನ್ನೂ ಕಷ್ಟ. ನಮ್ಮ ಚರ್ಮದಷ್ಟು ಆಮ್ಲೀಯವಲ್ಲ ಕುದುರೆಯ ಚರ್ಮ.

ನೀವು ಹೇಳಿದ ಮೂರೂ ಜಾಗ ಕುದುರೆ ಮಲಗಿದಾಗ ನೆಲಕ್ಕೆ ತಾಗುವ ಜಾಗಗಳು. ಅಂದರೆ ಕಲೆ ಹುಟ್ಟುತ್ತಿರುವುದು ಲಾಯದಲ್ಲಿ. ಸಂಜೆ 8ಕ್ಕೆ ಇನ್ನೊಮ್ಮೆ ಲದ್ದಿ ತೆಗೆಸಿ, ಒದ್ದೆ ಹಾಸನ್ನು ಬುಡದ ತನಕ ಎತ್ತಿಸಿ, ಒಣ ಮರದ ಹೊಟ್ಟನ್ನು ದಪ್ಪವಾಗಿ ಹಾಕಿಸಿ. ಲಾಯದೊಳಗೆ ಬಗ್ಗಿ ನಿಂತಾಗ ಮೂಗಿಗೆ ಅಮೋನಿಯ ಬಡಿದರೆ ಹಾಸು ಸಾಲದು ಎಂದೇ ಅರ್ಥ. ಅದು ಕುದುರೆಯ ಶ್ವಾಸಕೋಶಕ್ಕೂ ಕೆಟ್ಟದ್ದು. ಮಂಡಿಯ ಮೇಲಿನ ಲದ್ದಿ ಕಲೆಯನ್ನು ಹಸಿಯಾಗಿ ಉಜ್ಜಿದರೆ ಹರಡುತ್ತದೆ. ಒಣಗಲು ಬಿಡಿ, ರಬ್ಬರ್ ಬ್ರಷ್‌ನಿಂದ ಸುತ್ತು ಸುತ್ತಾಗಿ ಎಬ್ಬಿಸಿ, ಆಮೇಲೆ ಗಡಸು ಬ್ರಷ್‌ನಿಂದ ಝಾಡಿಸಿ. ದಿನಾ ಹೀಗೆ ಮಾಡಿದರೆ ಜಿಡ್ಡು ಮೈಯೆಲ್ಲ ಹರಡಿ ಹೊಳಪು ತಾನಾಗಿ ಬರುತ್ತದೆ. ಮಗಳೇ ಮಾಡಲಿ. ಕುದುರೆಯ ಮೈಯಲ್ಲಿ ಎಲ್ಲಿ ನೋವಿದೆ, ಎಲ್ಲಿ ಊತವಿದೆ ಎಂದು ಅವಳ ಕೈಗೆ ತಿಳಿಯಬೇಕು.

ಸ್ನಾನ ಶನಿವಾರ ಮಧ್ಯಾಹ್ನ, ಬಿಸಿಲಿರುವಾಗ. ನೊರೆ ಒಂದಿಷ್ಟೂ ಉಳಿಯಬಾರದು, ಉಳಿದರೆ ತುರಿಕೆ. ಪೂರ್ತಿ ಒಣಗಿದ ಮೇಲೆಯೇ ತೆಳು ಹತ್ತಿಯ ಹೊದಿಕೆ ಹಾಕಿ. ಒದ್ದೆ ಮೈಗೆ ಹೊದಿಸಿದರೆ ಚರ್ಮದ ಸೋಂಕನ್ನು ಕರೆದಂತೆ. ಬಾಲವನ್ನು ಸಡಿಲವಾಗಿ ಹೆಣೆದು ಬಟ್ಟೆಯ ಚೀಲದೊಳಗೆ ಇಡಿ. ಹೊಳಪಿನ ಸ್ಪ್ರೇ ಬಳಸುವುದಾದರೆ ಬಾಲಕ್ಕೆ ಮಾತ್ರ. ಜೀನು ಕೂರುವ ಜಾಗಕ್ಕೆ ತಾಗಿದರೆ ಜೀನು ಜಾರುತ್ತದೆ, ಮಗು ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ಭಾನುವಾರ ಬೆಳಿಗ್ಗೆ ಒಂದು ಕಲೆ ಇದ್ದೇ ಇರುತ್ತದೆ. ಗಾಬರಿಯಾಗಬೇಡಿ. ಬಿಸಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಟವೆಲ್ಲಿನಿಂದ ಒರೆಸಿ, ಒಣ ಬಟ್ಟೆಯಿಂದ ತಿಕ್ಕಿ, ಒಣಗಿದ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉಜ್ಜಿ ಝಾಡಿಸಿಬಿಡಿ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಇಂಥ ಕುದುರೆಗಳು ಹುಟ್ಟುವಾಗ ಕಪ್ಪು ಅಥವಾ ಕಂದು ಬಣ್ಣದ್ದಾಗಿದ್ದು, ವರ್ಷ ಕಳೆದಂತೆ ಬೆಳ್ಳಗಾಗುತ್ತವೆ. ಕೂದಲು ನೆನೆದಾಗ ಒಳಗಿನ ಕಪ್ಪು ಚರ್ಮ ಕಾಣುತ್ತದಲ್ಲ, ಅದೇ ಗುರುತು. (ಮದುವೆ ಮೆರವಣಿಗೆಯ ನುಕ್ರಾ ಕುದುರೆಗಳ ಚರ್ಮ ಗುಲಾಬಿ, ಅವು ಬೇರೆ.) ಹೀಗೆ ಬೆಳ್ಳಗಾಗಿಸುವ ವಂಶವಾಹಿಯ ಬದಲಾವಣೆಯನ್ನು ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು. ಚರ್ಮದಲ್ಲಿ ಮೆಲನೋಮಾ (ಬಣ್ಣ ಕೊಡುವ ಜೀವಕೋಶಗಳ) ಗಡ್ಡೆ ಬರುವ ಸಾಧ್ಯತೆಯನ್ನು ಹೆಚ್ಚಿಸುವುದೂ ಅದೇ. 15 ದಾಟಿದ ಬಿಳಿ ಕುದುರೆಗಳಲ್ಲಿ ಬಹುಪಾಲಿಗೆ ಇದು ಕಾಣಿಸಿಕೊಳ್ಳುತ್ತದೆ. ನಿಮ್ಮದಕ್ಕೆ ಇನ್ನೂ 9. ಆದರೂ ಬಾಲ ತೊಳೆಯುವಾಗಲೆಲ್ಲ ಬಾಲದ ಅಡಿ, ಗುದದ ಸುತ್ತ, ತುಟಿಯ ಅಂಚು ಸವರಿ ನೋಡಿ. ಕಪ್ಪು ಗಂಟು ಸಿಕ್ಕರೆ ಹಿಚುಕಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಫೋಟೋ ತೆಗೆದು, ದಿನಾಂಕ ಬರೆದಿಟ್ಟು, ಪಶುವೈದ್ಯರನ್ನು ಕರೆಸಿ ತೋರಿಸಿ.