ಸಿಗರೇಟು ಇಳಿದ ಹಾಗೆ ಬೊಜ್ಜೂ ಇಳಿದೀತೇ?

ತೆರಿಗೆ, ಎಚ್ಚರಿಕೆ ಚಿತ್ರ, ನಿಷೇಧಗಳಿಂದ ಸಿಗರೇಟು ಕಡಿಮೆಯಾಯಿತಲ್ಲ, ಅದೇ ದಾರಿಯಲ್ಲಿ ಬೊಜ್ಜನ್ನೂ ಇಳಿಸಬಹುದೇ, ಶುರು ಎಲ್ಲಿಂದ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ, ಶಿರಸಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಸಿಗರೇಟು, ಕುರುಕಲು ಎರಡನ್ನೂ ಒಂದೇ ಗಲ್ಲಾದಲ್ಲಿ ಕೂತು ಮಾರಿದ್ದೇನೆ. ನನ್ನ ಪ್ರಕಾರ ಅಲ್ಲಿಯ ಪಾಠ ಅರ್ಧ ಇಲ್ಲಿ ನಡೆಯುತ್ತದೆ, ಇನ್ನರ್ಧ ತರಲೇಬಾರದು.

ಬುದ್ಧಿ ಹೇಳಿದ್ದಕ್ಕೆ ಬೀಡಿ ಬಿಟ್ಟವರನ್ನು ನಾನಂತೂ ಕಾಣೆ. ಸೇದಲು ಜಾಗ ಸಿಗದ ಹಾಗಾಯಿತು, ಅದು ಕೆಲಸ ಮಾಡಿತು. ಹಿಂದೆ ಕುಮಟಾ ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಹಿಂದಿನ ಸೀಟಿನಿಂದ ಹೊಗೆ ಬರುತ್ತಿತ್ತು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದ ನಿಷೇಧ ಬಿಗಿಯಾದ ಮೇಲೆ ಪಕ್ಕದವರಿಗೆ ‘ಆರಿಸಿ ಮಾರಾಯ್ರೆ’ ಎನ್ನುವ ಧೈರ್ಯ ಬಂತು. ದೇಶದಲ್ಲಿ ತಂಬಾಕು ಬಳಸುವ ವಯಸ್ಕರು 2009–10ರಲ್ಲಿ ಶೇ 34.6 ಇದ್ದದ್ದು 2016–17ಕ್ಕೆ ಶೇ 28.6ಕ್ಕೆ ಬಂದಿತ್ತು. (ನಮ್ಮ ಎಲೆ-ಅಡಿಕೆಯ ಕವಳದ ತಟ್ಟೆಯಿಂದ ತಂಬಾಕು ಇನ್ನೂ ಎದ್ದು ಹೋಗಿಲ್ಲ, ಅದು ಬೇರೆ ಕಥೆ.) ಬೊಜ್ಜಿನ ಲೆಕ್ಕ ಉಲ್ಟಾ: 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ವಯಸ್ಕ ಗಂಡಸರು, ಹೆಂಗಸರು ಇಬ್ಬರಲ್ಲೂ ಸುಮಾರು ಶೇ 30ರಷ್ಟು ಮಂದಿಗೆ ತೂಕ ಹೆಚ್ಚಿತ್ತು.

ಹಾಗಾಗಿ ಮೊದಲು ನೋಡಬೇಕಾದದ್ದು ಅಂಗಡಿಯನ್ನು. ಶಾಲೆ ಬಿಡುವ ಹೊತ್ತಿಗೆ ಬಂದು ನಿಂತರೆ ಗೊತ್ತಾಗುತ್ತದೆ. ಐದು ರೂಪಾಯಿ ಪ್ಯಾಕೆಟ್ಟಿನ ಸರ ನೇತಾಡುವುದು ಸರಿಯಾಗಿ ನಾಲ್ಕನೇ ಕ್ಲಾಸಿನ ಮಗುವಿನ ಕೈಗೆ ಎಟಕುವಷ್ಟು ಎತ್ತರದಲ್ಲಿ. ತಂಪು ಪಾನೀಯದ ಕಂಪನಿಯವರು ಫ್ರಿಜ್ ಪುಕ್ಕಟೆ ಕೊಡುತ್ತಾರೆ, ಆದರೆ ಕಣ್ಣಿಗೆ ಬೀಳುವ ಸಾಲಿನಲ್ಲಿ ಅವರ ಬಾಟಲಿಯೇ ಇರಬೇಕು. ಮಜ್ಜಿಗೆ ಪ್ಯಾಕೆಟ್ಟು ಕೆಳಗೆ, ಮೂಲೆಗೆ. ಇಷ್ಟೆಲ್ಲ ಏರ್ಪಾಡಿನ ಎದುರು ಮಗುವಿಗೆ ‘ಮನಸ್ಸು ಗಟ್ಟಿ ಮಾಡು’ ಎಂದರೆ ಏನು ಪ್ರಯೋಜನ?

ತೆರಿಗೆಯಿಂದ ಕೆಲಸ ಆಗುತ್ತದೆ. ಮೆಕ್ಸಿಕೋ 2014ರಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ಹಾಕಿತು, ಮೊದಲ ವರ್ಷವೇ ಖರೀದಿ ಸುಮಾರು ಶೇ 6 ಇಳಿಯಿತು. ಬ್ರಿಟನ್ನಿನವರು 2018ರಲ್ಲಿ ಇನ್ನೂ ಜಾಣತನ ಮಾಡಿದರು. ನೂರು ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಅದಕ್ಕಿಂತ ಹೆಚ್ಚು. ಕಂಪನಿಗಳು ತಾವಾಗಿ ಸಕ್ಕರೆ ಇಳಿಸಿದವು. ಸಿಗರೇಟಿನಲ್ಲಿ ಈ ದಾರಿ ಇರಲಿಲ್ಲ, ಅಪಾಯವಿಲ್ಲದ ಸಿಗರೇಟು ಮಾಡಲು ಬರುವುದಿಲ್ಲ. ನಮ್ಮಲ್ಲಿ ಮಾತ್ರ 2025ರ ಜಿಎಸ್‌ಟಿ ಬದಲಾವಣೆಯಲ್ಲಿ ತಂಪು ಪಾನೀಯ ಶೇ 40ರಲ್ಲೇ ಉಳಿಯಿತು, ನಮ್ಕೀನು, ಬಿಸ್ಕತ್ತು, ಚಾಕಲೇಟು, ಐಸ್‌ಕ್ರೀಮು ಶೇ 5ಕ್ಕೆ ಇಳಿದವು. ವ್ಯಾಪಾರಿಯಾಗಿ ಖುಷಿಯೇ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ನೋಡಿದರೆ ಒಂದು ಕೈಯಲ್ಲಿ ಕಟ್ಟಿ ಇನ್ನೊಂದರಲ್ಲಿ ಬಿಚ್ಚಿದ ಹಾಗಾಯಿತು.

ಎಚ್ಚರಿಕೆ ಚಿತ್ರದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. 2016ರಿಂದ ಸಿಗರೇಟು ಪ್ಯಾಕಿನ ಶೇ 85 ಜಾಗ ಚಿತ್ರಕ್ಕೇ ಮೀಸಲು. ಆದರೆ ನಮ್ಮ ಕಡೆ ಸಿಗರೇಟು ಬಿಡಿಯಾಗಿ ಹೋಗುತ್ತಿತ್ತು. ಗಿರಾಕಿ ಒಂದು ತೆಗೆದುಕೊಂಡು ಹಚ್ಚಿಕೊಂಡು ಹೋದ, ಆ ಚಿತ್ರ ದಿನವಿಡೀ ನೋಡುತ್ತಾ ಕೂತವನು ನಾನು! ತಿಂಡಿಯಲ್ಲೂ ಅದೇ. ಚಿಲಿ ದೇಶದವರ ಹಾಗೆ ಪ್ಯಾಕೆಟ್ಟಿಗೆ ‘ಸಕ್ಕರೆ ಹೆಚ್ಚು’, ‘ಉಪ್ಪು ಹೆಚ್ಚು’ ಎನ್ನುವ ಕಪ್ಪು ಮುದ್ರೆ ಒತ್ತಿದರೂ ಬೇಕರಿಯ ಪಫ್ಸು, ಕೇಜಿ ಲೆಕ್ಕದ ಖಾರಾ, ಗಾಡಿಯ ಗೋಬಿ ಮಂಚೂರಿಗೆ ಮುದ್ರೆ ಎಲ್ಲಿ ಒತ್ತುತ್ತೀರಿ? ಕೇರಳ 2016ರಲ್ಲಿ ಪಿಜ್ಜಾ, ಬರ್ಗರಿಗೆ ಶೇ 14.5 ತೆರಿಗೆ ಹಾಕಿದಾಗಲೂ ಅದು ತಟ್ಟಿದ್ದು ಬ್ರ್ಯಾಂಡ್ ಹೋಟೆಲುಗಳಿಗಷ್ಟೇ.

ಇನ್ನು ತರಬಾರದ ಅರ್ಧ. ಸೇದುವವನನ್ನು ಹೊರಗೆ ನಿಲ್ಲಿಸಬಹುದು, ಸೇದಿ ಮುಗಿಸಿ ಒಳಗೆ ಬರುತ್ತಾನೆ. ದಪ್ಪಗಿರುವವರು ಮೈಯನ್ನು ಎಲ್ಲಿ ಬಿಟ್ಟು ಬರಬೇಕು? ಮದುವೆಮನೆಯಲ್ಲಿ ಪಂಕ್ತಿಗೆ ಕೂತ ಹುಡುಗಿಗೆ ‘ಎಷ್ಟು ದಪ್ಪ ಆಗಿಬಿಟ್ಯೇ’ ಎನ್ನುವ ಅತ್ತೆಯೇ ಎರಡು ಹೋಳಿಗೆ ಜಾಸ್ತಿ ಹಾಕಿಸುತ್ತಾಳೆ. ನಾಚಿಕೆಪಡಿಸುವುದು ಆಗಲೇ ಬೇಕಾದಷ್ಟು ನಡೆದಿದೆ, ಅದರಿಂದ ಯಾರೂ ಸಪೂರ ಆಗಿಲ್ಲ. ಅಂಥವರು ಡಾಕ್ಟರ ಹತ್ತಿರ ಹೋಗುವುದನ್ನೂ ಮುಂದೂಡುತ್ತಾರೆ. ಅಲ್ಲದೆ ಬೀಡಿಯನ್ನು ಪೂರ್ತಿ ಬಿಡಬಹುದು, ಊಟ ಬಿಡಲಾಗುತ್ತದೆಯೇ?

ಶುರು ಎಲ್ಲಿಂದ ಎಂದರೆ, ಹೊಸ ಕಾನೂನು ಬೇಕಿಲ್ಲ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳಿತು. ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೂ ಇದೆ. ಮೊದಲನೆಯದಕ್ಕೆ ಬೋರ್ಡು ಬಿದ್ದಿದೆ, ಎರಡನೆಯದು ಎಷ್ಟೋ ಅಂಗಡಿಕಾರರಿಗೆ ಗೊತ್ತೇ ಇಲ್ಲ. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿ) ಕರೆದುಕೊಂಡು ಟೇಪು ಹಿಡಿದು ಅಳೆಯಿರಿ, ಆ ಗೆರೆಯೊಳಗಿನ ಎಲ್ಲ ಅಂಗಡಿಗೂ ಒಂದೇ ದಿನ ಹೇಳಿ. ಒಬ್ಬನಿಗೆ ಮಾತ್ರ ಹೇಳಿದರೆ ಅವನು ಕೇಳುವುದಿಲ್ಲ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಹೆದರಿಕೆ. ಎಲ್ಲರಿಗೂ ಒಟ್ಟಿಗೆ ಹೇಳಿದರೆ ನಾಲ್ಕು ದಿನ ಗೊಣಗಿ ಸರವನ್ನು ಒಳಗಿಡುತ್ತೇವೆ.