ಸಿಟಿಯ ಕರಪತ್ರ ಓದುವ ಮೊದಲು ನಿಮ್ಮ ವಿಳಾಸ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕಕ್ಕೆ ಬಂದು ಮೂರು ವಾರ ಆಯಿತು, ಅಂಚೆಪೆಟ್ಟಿಗೆಯಲ್ಲಿ ಸಿಟಿಯವರ ಕರಪತ್ರ ಸಿಕ್ಕಿದೆ, 'ನಮ್ಮ ಆದ್ಯತೆಗಳು: ನಾಯಕತ್ವ, ಸೇವೆ, ಸಾರ್ವಜನಿಕ ಸುರಕ್ಷತೆ' ಅಂತಿದೆ. ವೀಸಾದ ಮೇಲಿರುವ ನನಗೂ ಇದಕ್ಕೂ ಏನು ಸಂಬಂಧ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?

ಸಂಬಂಧ ಇದೆ. ಆದರೆ ಮೊದಲು ನೀವು ನಿಜಕ್ಕೂ ಆ ಸಿಟಿಯೊಳಗೆ ಇದ್ದೀರಾ ಅಂತ ನೋಡಿಕೊಳ್ಳಿ. ವಿಳಾಸದಲ್ಲಿ ಬರುವ ಊರಿನ ಹೆಸರು ಅಂಚೆ ಇಲಾಖೆ ತನ್ನ ಬಟವಾಡೆಗೆಂದು ಇಟ್ಟುಕೊಂಡದ್ದು, ಸಿಟಿಯ ಗಡಿ ಬೇರೆ. ಗಡಿಯಾಚೆ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಜಾಗದಲ್ಲಿದ್ದರೆ ಸಾಮಾನ್ಯವಾಗಿ ಸಿಟಿ ಪೊಲೀಸರ ಬದಲು ಶೆರಿಫ್ ಕಚೇರಿಯವರು, ಅಂದರೆ ಕೌಂಟಿಯ ಪೊಲೀಸರು, ಬರುತ್ತಾರೆ, ಆ ಮೇಯರ್ ನಿಮ್ಮ ಮೇಯರೇ ಅಲ್ಲ. ಬಹಳಷ್ಟು ಸಿಟಿಗಳ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಕೌನ್ಸಿಲ್ ಡಿಸ್ಟ್ರಿಕ್ಟ್ (ಸಿಟಿಯ ಚುನಾಯಿತ ಸಭೆಯಾದ ಕೌನ್ಸಿಲ್‌ನ ಕ್ಷೇತ್ರ, ನಮ್ಮ ವಾರ್ಡ್ ಇದ್ದ ಹಾಗೆ) ತೋರಿಸುವ ಪುಟ ಇರುತ್ತದೆ. ಗಡಿಯೊಳಗೆ ಇದ್ದರೂ ಎಲ್ಲವೂ ಸಿಟಿಯ ಕೈಯಲ್ಲಿಲ್ಲ. ಸರ್ಕಾರಿ ಶಾಲೆ ಹೆಚ್ಚಿನ ಕಡೆ ಪ್ರತ್ಯೇಕ ಸ್ಕೂಲ್ ಡಿಸ್ಟ್ರಿಕ್ಟಿನದು, ಫ್ರೀವೇ ರಾಜ್ಯದ್ದು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನ ಗುಂಡಿ ಮ್ಯಾನೇಜ್‌ಮೆಂಟಿನವರದು.

'ನಾಯಕತ್ವ' ಅನ್ನುವಲ್ಲಿ ಮೇಯರ್ ಫೋಟೊ ಹಾಕಿರುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ನ್ಯೂಯಾರ್ಕ್, ಶಿಕಾಗೊ, ಹ್ಯೂಸ್ಟನ್‌ಗಳಲ್ಲಿ ಆಡಳಿತ ಮೇಯರ್ ಕೈಯಲ್ಲೇ ಇದೆ. ಡಲ್ಲಾಸ್, ಫೀನಿಕ್ಸ್, ಸ್ಯಾನ್ ಹೊಸೆಗಳಲ್ಲಿ ಕೌನ್ಸಿಲ್ ಒಬ್ಬ ಸಿಟಿ ಮ್ಯಾನೇಜರನ್ನು ನೇಮಿಸುತ್ತದೆ, ದಿನದ ಆಡಳಿತ ಅವರದು, ಮೇಯರ್‌ಗೆ ಕೌನ್ಸಿಲ್‌ನಲ್ಲಿ ಒಂದು ವೋಟು. ನಮ್ಮ ಪಾಲಿಕೆ ಕಮಿಷನರ್ ಇದ್ದ ಹಾಗೆ ಅನ್ನಬಹುದು, ಆದರೆ ರಾಜ್ಯ ಸರ್ಕಾರ ಕಳಿಸಿದವರಲ್ಲ. ಕೌನ್ಸಿಲ್ ಬೇಡ ಅಂದರೆ ಮನೆಗೆ. ಹಾಗಾಗಿ ಅಂಥ ಊರಲ್ಲಿ ಮೇಯರ್‌ಗೆ ಇಮೇಲ್ ಹಾಕುವುದಕ್ಕಿಂತ ನಿಮ್ಮ ಡಿಸ್ಟ್ರಿಕ್ಟಿನ ಕೌನ್ಸಿಲ್ ಸದಸ್ಯರ ಕಚೇರಿಗೆ ದೂರಿನ ನಂಬರ್ ಸಮೇತ ಬರೆಯುವುದು ಮೇಲು.

ಆ ದೂರಿನ ನಂಬರ್ ಬರುವುದು 311ರಿಂದ, ಅಂದರೆ ತುರ್ತಲ್ಲದ ದೂರುಗಳಿಗೆ ಸಿಟಿಗೆ ಕರೆ ಮಾಡುವ ಫೋನ್ ನಂಬರಿನಿಂದ. 1996ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಈ ವ್ಯವಸ್ಥೆ ದೊಡ್ಡ ಊರುಗಳಲ್ಲೆಲ್ಲ ಸಾಮಾನ್ಯ, ಸಣ್ಣ ಊರುಗಳಲ್ಲಿ ಅದರ ಬದಲು ಹತ್ತಂಕಿಯ ನಂಬರೋ ಆ್ಯಪೋ ಇರುತ್ತದೆ. ಬೀದಿದೀಪ ಕೆಟ್ಟಿದೆ ಅನ್ನಿ. 'ನಮ್ಮ ರಸ್ತೆಯಲ್ಲಿ ಲೈಟಿಲ್ಲ' ಅಂತ ಬರೆದರೆ ಕೆಲಸದವರು ಹಗಲಲ್ಲಿ ಬಂದು ಯಾವ ಕಂಬ ಅಂತ ತಿಳಿಯದೆ ಹೋಗುತ್ತಾರೆ. ಕಂಬದ ಮೇಲೆ ಸಣ್ಣ ಪಟ್ಟಿಯಲ್ಲಿ ನಂಬರ್ ಇರುತ್ತದೆ, ಅದನ್ನು ಬರೆಯಿರಿ, ಪೂರ್ತಿ ಆರಿದೆಯೋ ಮಿಣುಕುತ್ತಿದೆಯೋ ಹೇಳಿ, ಫೋಟೊ ಹಾಕಿ. ಕೆಲವು ಕಂಬ ವಿದ್ಯುತ್ ಕಂಪನಿಯದು. ಆಗ ದೂರು 'ಕ್ಲೋಸ್ಡ್' ಅಂತ ಬರುತ್ತದೆ. ಸರಿಹೋಯಿತು ಅಂತ ಅರ್ಥವಲ್ಲ, ನಮ್ಮದಲ್ಲ ಅಂತ. ಕೆಳಗಿನ ಟಿಪ್ಪಣಿ ಓದಿ, ಕಂಪನಿಗೆ ಬೇರೆಯಾಗಿ ದೂರು ಕೊಡಿ.

ಸುರಕ್ಷತೆಯ ವಿಷಯಕ್ಕೆ ಬಂದರೆ 911, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ತುರ್ತು ನಂಬರ್. ಜೀವಕ್ಕೆ ಅಪಾಯ, ಬೆಂಕಿ, ಈಗ ನಡೆಯುತ್ತಿರುವ ಅಪರಾಧ, ಇವಕ್ಕೆ ಮಾತ್ರ. ರಾತ್ರಿ ಯಾರೋ ಕಾರಿನ ಗಾಜು ಒಡೆದು ಬ್ಯಾಗ್ ಒಯ್ದಿದ್ದರೆ ಪೊಲೀಸರ ನಾನ್-ಎಮರ್ಜೆನ್ಸಿ ನಂಬರ್, ಇಲ್ಲವೇ ಆನ್‌ಲೈನ್ ವರದಿ. ಪೊಲೀಸರು ಬರದೇ ಇರಬಹುದು, ವರದಿ ಮಾತ್ರ ತಪ್ಪಿಸಬೇಡಿ, ಇನ್ಶೂರೆನ್ಸಿನವರು ಅದರ ನಂಬರ್ ಕೇಳುತ್ತಾರೆ. ಮನಸ್ಸು ಕುಸಿದು ಬದುಕೇ ಬೇಡ ಅನ್ನಿಸುವವರಿಗೆ, ಅವರ ಮನೆಯವರಿಗೆ 988 ಸಹಾಯವಾಣಿ ಇದೆ, 2022ರಿಂದ.

911 ಎತ್ತಿದವರಿಗೆ ಮೊದಲು ಹೇಳಬೇಕಾದ್ದು ವಿಳಾಸ, ಏನಾಯಿತು ಅನ್ನುವುದು ಆಮೇಲೆ. ಮೊಬೈಲ್‌ನಿಂದ ಅವರಿಗೆ ಕಾಣುವ ಜಾಗ ಅಂದಾಜಿನದು, ಅದರಲ್ಲಿ ಮೂರನೇ ಮಹಡಿಯ ಮನೆ ನಂಬರ್ ಇರಲಾರದು. ಕಟ್ಟಡದ ನಂಬರ್, ಮನೆ ನಂಬರ್, ಗೇಟ್ ಕೋಡ್, ಹತ್ತಿರದ ಅಡ್ಡರಸ್ತೆ ಬರೆದು ಫ್ರಿಜ್ ಮೇಲೆ ಅಂಟಿಸಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಇಂಗ್ಲಿಷ್ ತೊಡಕಾದರೆ 'ಕನ್ನಡ' ಅಂತ ಒಂದೇ ಪದ ಹೇಳಲು ಕಲಿಸಿ, ಫೋನಿನಲ್ಲೇ ದುಭಾಷಿಯನ್ನು ಸೇರಿಸುವ ಏರ್ಪಾಡು ಹೆಚ್ಚಿನ ಕಡೆ ಇದೆ. 911ರವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ, ಸಿಟ್ಟಾಗಬೇಡಿ. ನೀವು ಉತ್ತರಿಸುತ್ತಿರುವಾಗಲೇ ಗಾಡಿ ಹೊರಟಿರುತ್ತದೆ. ಎದೆನೋವು ಅಂದರೆ ಅಗ್ನಿಶಾಮಕದ ಗಾಡಿ ಬಂತಲ್ಲ ಅಂತ ಗಾಬರಿಯೂ ಬೇಡ, ಅದರಲ್ಲಿರುವವರೂ ಪ್ರಥಮ ಚಿಕಿತ್ಸೆ ಕಲಿತವರೇ, ಎಷ್ಟೋ ಸಲ ಹತ್ತಿರ ಇರುವವರು ಅವರೇ. ಆಂಬುಲೆನ್ಸ್ ಆಸ್ಪತ್ರೆಗೆ ಒಯ್ದರೆ ಬಿಲ್ ಬರುತ್ತದೆ. ಅನಿರೀಕ್ಷಿತ ವೈದ್ಯಕೀಯ ಬಿಲ್ಲುಗಳ ವಿರುದ್ಧ 2022ರಲ್ಲಿ ಜಾರಿಯಾದ ಕೇಂದ್ರ ಕಾನೂನು ರಸ್ತೆ ಆಂಬುಲೆನ್ಸಿಗೆ ಅನ್ವಯಿಸುವುದಿಲ್ಲ, ಇನ್ಶೂರೆನ್ಸ್ ಎಷ್ಟು ಕೊಡುತ್ತದೆಂದು ಈಗಲೇ ನೋಡಿಡಿ.

ನಮ್ಮವರ ಕೈಯಿಂದ ಆಗುವ ಎರಡು ಎಡವಟ್ಟುಗಳಿವೆ. ಹೊರಗಿನ ಕರೆಗೆ 9 ಒತ್ತಬೇಕಾದ ಆಫೀಸ್ ಫೋನಿನಿಂದ ಭಾರತಕ್ಕೆ 9, 011, 91 ಒತ್ತುವಾಗ ಸೊನ್ನೆ ತಪ್ಪಿದರೆ ಅದೇ 911. ಇನ್ನೊಂದು, ಮಗುವಿಗೆ ಆಟಕ್ಕೆ ಕೊಟ್ಟ ಸಿಮ್ ಇಲ್ಲದ ಹಳೇ ಫೋನ್. ಪ್ಲಾನ್ ಇಲ್ಲದ ಫೋನಿನಿಂದಲೂ 911ಕ್ಕೆ ಕರೆ ಹೋಗುತ್ತದೆ, ಅವರು ತಿರುಗಿ ಕರೆಯಲು ಮಾತ್ರ ಆಗುವುದಿಲ್ಲ. ತಪ್ಪಿ ಕರೆ ಹೋದರೆ ಕಟ್ ಮಾಡಬೇಡಿ, ಕೈತಪ್ಪಿ ಬಂತು ಅಂತ ಹೇಳಿ ಮುಗಿಸಿ. ಕಟ್ ಮಾಡಿದರೆ ಬಾಗಿಲಿಗೆ ಪೊಲೀಸರು ಬರಬಹುದು.

ಕರಪತ್ರದಲ್ಲಿ 'ನಮ್ಮ ಸರಾಸರಿ ಸ್ಪಂದನೆ ಇಷ್ಟು ನಿಮಿಷ' ಅಂತ ಇದ್ದರೆ ಎರಡು ವಿಷಯ ಕೇಳಬೇಕು. ಗಡಿಯಾರ ಶುರುವಾದದ್ದು ನೀವು ಫೋನ್ ಮಾಡಿದಾಗಲೋ, ಗಾಡಿ ಹೊರಟಾಗಲೋ? ಸರಾಸರಿಯೋ, ನೂರರಲ್ಲಿ ತೊಂಬತ್ತು ಕರೆಗಳ ಲೆಕ್ಕವೋ? ಠಾಣೆ ಪಕ್ಕದ ಮನೆಗಳ ಎರಡು ನಿಮಿಷ, ಊರಂಚಿನ ಮನೆಗಳ ಹನ್ನೆರಡು ನಿಮಿಷವನ್ನು ಸರಾಸರಿಯಲ್ಲಿ ಮುಚ್ಚಿಬಿಡುತ್ತದೆ. ಅಗ್ನಿಶಾಮಕ ದಳಗಳು ಒಪ್ಪಿಕೊಂಡು ಬಂದ ಎನ್‌ಎಫ್‌ಪಿಎ (ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ) 1710 ಮಾನದಂಡದಲ್ಲಿ ಬೆಂಕಿ ಕರೆಗೆ ಸಿದ್ಧವಾಗಿ ಹೊರಡಲು 80 ಸೆಕೆಂಡು, ಮೊದಲ ಎಂಜಿನ್ ದಾರಿಯಲ್ಲಿ ಕಳೆಯುವುದಕ್ಕೆ 240 ಸೆಕೆಂಡು, ಅದೂ ನೂರಕ್ಕೆ ತೊಂಬತ್ತು ಕರೆಗಳಲ್ಲಿ. ನಿಮ್ಮ ಊರಿನ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆದ್ಯತೆ ನಿಜವೋ ಬರೀ ಮಾತೋ ತಿಳಿಯುವುದು ಬಜೆಟ್‌ನಲ್ಲಿ. ಜನರಲ್ ಫಂಡ್‌ನ (ಸಿಟಿಯ ಸಾಮಾನ್ಯ ಖಾತೆ) ಪುಟ ಮಾತ್ರ ತೆರೆಯಿರಿ, ಪೊಲೀಸ್ ಮತ್ತು ಅಗ್ನಿಶಾಮಕಕ್ಕೇ ದೊಡ್ಡ ಪಾಲು ಹೋಗಿರುತ್ತದೆ. ನೀರು, ಒಳಚರಂಡಿಯ ಶುಲ್ಕ ಸಾಮಾನ್ಯವಾಗಿ ಬೇರೆ ಖಾತೆ. ಹಲವು ರಾಜ್ಯಗಳ ಸಿಟಿಗಳಲ್ಲಿ ಹಣಕಾಸು ವರ್ಷ ಜುಲೈ 1ಕ್ಕೆ, ಟೆಕ್ಸಸ್ ಸಿಟಿಗಳಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರು, ಅದಕ್ಕೂ ಮುಂಚಿನ ವಾರಗಳಲ್ಲಿ ಸಾರ್ವಜನಿಕ ಅಹವಾಲು ನಡೆಯುತ್ತದೆ. ಅಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಎರಡೋ ಮೂರೋ ನಿಮಿಷ ಕೊಡುತ್ತಾರೆ, ಬರೆದುಕೊಂಡು ಹೋಗಿ. ನಿಮ್ಮ ವಿಷಯ 'ಕನ್ಸೆಂಟ್' ಪಟ್ಟಿಯಲ್ಲಿದ್ದರೆ ಚರ್ಚೆಯಿಲ್ಲದೆ ಒಂದೇ ವೋಟಿನಲ್ಲಿ ಹತ್ತಾರು ಕಡತದ ಜೊತೆ ಪಾಸಾಗಿಬಿಡುತ್ತದೆ, ಆದ್ದರಿಂದ ಸಭೆ ಶುರುವಾಗುವ ಮೊದಲೇ ಹೋಗಿ ಹೆಸರು ಕೊಡಿ.

ವೋಟಿನ ವಿಷಯ ಮಾತ್ರ ಬೇರೆ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೇ ಮತದಾರರ ನೋಂದಣಿಯ ಚೌಕ ಇರುತ್ತದೆ, ಕೌಂಟರಿನವರು ಅಭ್ಯಾಸಬಲದಿಂದ ಕೇಳುವುದೂ ಉಂಟು. ಟಿಕ್ ಹಾಕಬೇಡಿ. ಪೌರರೆಂದು ಸುಳ್ಳು ಹೇಳಿದಂತಾಗಿ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರುತ್ತದೆ. ಈಗಾಗಲೇ ಹಾಕಿದ್ದರೆ ನೋಂದಣಿ ರದ್ದು ಮಾಡಿಸುವ ಮೊದಲು ವಲಸೆ ವಕೀಲರನ್ನು ಕಾಣಿ.