ಸೆಟ್ಟಿನಲ್ಲಿ ಕಲಿಯುವ ಜಾಗ: ಗಾಲ್ವೇಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ಹೆಸರಘಟ್ಟದಲ್ಲಿ ಛಾಯಾಗ್ರಹಣ ಕಲಿತು, ಎರಡು ಕನ್ನಡ ಚಿತ್ರಗಳಿಗೆ ಕ್ಯಾಮೆರಾ ಸಹಾಯಕರಾಗಿ ದುಡಿದು, ಪತ್ನಿಯವರ ನರ್ಸಿಂಗ್ ಕೆಲಸದ ನಿಮಿತ್ತ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇಗೆ ಬಂದಿರುವ ತಾವು, ಗುರುತು ಪರಿಚಯವಿಲ್ಲದ ಈ ಊರಿನಲ್ಲಿ ಚಿತ್ರತಂಡ ಸೇರುವ ದಾರಿ ಯಾವುದೆಂದು ಕೇಳಿದ್ದೀರಿ. ಹನ್ನೆರಡು ವರ್ಷಗಳಿಂದ ಇಲ್ಲಿ ಚಿತ್ರನಿರ್ಮಾಣದ ಲೆಕ್ಕಪತ್ರ ವಿಭಾಗದಲ್ಲಿರುವ ನನಗೆ ಕ್ಯಾಮೆರಾ ಅಷ್ಟಾಗಿ ತಿಳಿಯದು; ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ತಮ್ಮ ಪ್ರಶ್ನೆಗೆ ಉತ್ತರವಿರುವುದೂ ಅಲ್ಲಿಯೇ.

ಕರ್ನಾಟಕದಲ್ಲಿ ಸಹಾಯಧನ ಸಿಗುವುದು ಚಿತ್ರ ಮುಗಿದ ಮೇಲೆ, ಸಮಿತಿ ಅದನ್ನು ನೋಡಿ ಒಪ್ಪಿದರೆ; ಆ ಚಿತ್ರದ ಸೆಟ್ಟಿನಲ್ಲಿ ಯಾರು ಏನು ಕಲಿತರೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಸೆಕ್ಷನ್ 481 ಎಂಬ ತೆರಿಗೆ ಸೌಲಭ್ಯದಡಿ ಅರ್ಹ ವೆಚ್ಚದ ಶೇ. 32ರಷ್ಟು ನಿರ್ಮಾಣ ಸಂಸ್ಥೆಗೆ ಮರಳುತ್ತದೆ, ಅದರ ಬಹುಪಾಲನ್ನು ಚಿತ್ರೀಕರಣದ ಹೊತ್ತಿಗೇ ಪಡೆಯಲು ಅವಕಾಶವಿದೆ. ಆದರೆ ದೊಡ್ಡ ಚಿತ್ರವಾದರೆ, ಯಾವ ವಿಭಾಗದಲ್ಲಿ ಎಷ್ಟು ಮಂದಿಗೆ ಏನು ಕಲಿಸುತ್ತೇವೆಂಬ ಯೋಜನೆಯನ್ನು ಸ್ಕ್ರೀನ್ ಐರ್ಲೆಂಡ್ ಎಂಬ ಸರ್ಕಾರಿ ಚಲನಚಿತ್ರ ಸಂಸ್ಥೆಯೊಡನೆ ಮೊದಲೇ ಒಪ್ಪಿಕೊಳ್ಳಬೇಕು. ಹಾಗಾಗಿ ಸೆಟ್ಟಿನಲ್ಲಿ ಕಾಣುವ ಟ್ರೈನಿ ಯಾರದೋ ದಾಕ್ಷಿಣ್ಯಕ್ಕೆ ಬಂದವನಲ್ಲ. ಅವನ ಜಾಗ ಬಜೆಟ್ಟಿನಲ್ಲಿಯೇ ಬರೆದಿರುತ್ತದೆ, ಅದು ಖಾಲಿಯಿದ್ದರೆ ನಿರ್ಮಾಪಕರಿಗೇ ತೊಂದರೆ. ತಾವು ಹುಡುಕಬೇಕಾದದ್ದು ಈ ಜಾಗವನ್ನು.

ಗಾಲ್ವೇಯಲ್ಲಿದ್ದೇನೆಂದು ಬೇಸರಪಡುವ ಕಾರಣವಿಲ್ಲ. ಹಳೆಯ ಆರ್ಡ್‌ಮೋರ್ ಸ್ಟುಡಿಯೊ 1958ರಿಂದ ಡಬ್ಲಿನ್ ಪಕ್ಕದ ಬ್ರೇ ಪಟ್ಟಣದಲ್ಲಿರುವುದರಿಂದ ಅನುಭವಿ ತಂತ್ರಜ್ಞರಲ್ಲಿ ಹೆಚ್ಚಿನವರು ಆ ಸುತ್ತಲೇ ನೆಲೆಸಿದ್ದಾರೆ. ಪಶ್ಚಿಮಕ್ಕೆ ಬರುವ ನಿರ್ಮಾಪಕರು ಅವರ ಊಟ, ವಸತಿ, ಪ್ರಯಾಣದ ಖರ್ಚನ್ನು ಹೊರಬೇಕಾಗುತ್ತದೆ, ಆದ್ದರಿಂದ ಇಲ್ಲಿಯೇ ಮನೆಯಿರುವ ಕಲಿತ ಕೈಗೆ ಬೆಲೆಯಿದೆ. ಇಂಥ ಪ್ರದೇಶಗಳಿಗೆಂದೇ ಕೊಡುವ ಹಣದ ಹಿಂದಿನ ಲೆಕ್ಕಾಚಾರವೂ ಇದೇ. ತರಬೇತಾದವರು ವಿರಳವಾಗಿರುವ ಪ್ರದೇಶಗಳಲ್ಲಿ ಚಿತ್ರೀಕರಿಸಿ ಸ್ಥಳೀಯರಿಗೆ ಕಲಿಸುವವರಿಗೆ 2019ರಿಂದ ಕೆಲವು ವರ್ಷ ಹೆಚ್ಚುವರಿ ತೆರಿಗೆ ಸೌಲಭ್ಯ ಸಿಗುತ್ತಿತ್ತು. ಅದು 2023ರ ಕೊನೆಗೆ ನಿಂತಿತು, ನಿಲ್ಲಿಸಿದ್ದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಪಶ್ಚಿಮದ ಕೌಂಟಿಗಳ ಸ್ಥಳೀಯ ಆಡಳಿತಗಳು ಕೈಜೋಡಿಸಿರುವ ರ‍್ಯಾಪ್ (WRAP) ಎಂಬ ಚಲನಚಿತ್ರ ನಿಧಿ ಹಣ ಹೂಡಿ ಚಿತ್ರಗಳನ್ನು ಈ ಭಾಗಕ್ಕೆ ಸೆಳೆಯುತ್ತದೆ. ಟ್ರೈನಿಗಳನ್ನು ಸೆಟ್ಟಿಗೆ ಸಿದ್ಧಗೊಳಿಸುವ ಕ್ರೂ ಹಬ್ ಕೂಡ ಗಾಲ್ವೇಯಲ್ಲಿದೆ; ಮೊದಲು ಅಲ್ಲಿ ಹೆಸರು ನೋಂದಾಯಿಸಿರಿ.

ಆದರೆ ಜಾಗ ಸಿಕ್ಕಿತೆಂದರೆ ಕಲಿಕೆಯೂ ಸಿಕ್ಕಿತೆಂದು ತಿಳಿಯಬೇಡಿ. ನಾನು ಮೊದಲು ಸೇರಿದ ತಂಡದಲ್ಲಿ ಏಳು ವಾರ ರಸೀದಿಗಳನ್ನು ಅಂಟಿಸುವುದು ಬಿಟ್ಟರೆ ಮತ್ತೇನನ್ನೂ ಕೊಡಲಿಲ್ಲ, ಯೋಜನೆಯ ಕಾಗದದಲ್ಲಿ ಮಾತ್ರ ನಾನು ತರಬೇತಿ ಪಡೆದವನಾಗಿದ್ದೆ. ತಮ್ಮ ಮೇಲ್ವಿಚಾರಕರು ಯಾರು, ಏನೇನು ಕಲಿಸುವುದಾಗಿ ಬರೆದಿದ್ದಾರೆ ಎಂಬುದನ್ನು ಮೊದಲ ದಿನವೇ ವಿನಯದಿಂದ ಕೇಳಿಕೊಳ್ಳಿರಿ ಮತ್ತು ಪ್ರತಿ ವಾರ ಮಾಡಿದ ಕೆಲಸವನ್ನು ಬರೆದಿಟ್ಟು ಅವರಿಂದ ಸಹಿ ಹಾಕಿಸಿಕೊಳ್ಳಿರಿ. ಚಿತ್ರ ಮಸುಕಾಗದಂತೆ ಲೆನ್ಸ್ ಹೊಂದಿಸುವ ಫೋಕಸ್ ಪುಲ್ಲರ್ ಮಟ್ಟದವರೆಗೆ ಕೆಲಸ ಮಾಡಿದವರಿಗೆ ಮತ್ತೆ ಬ್ಯಾಟರಿ ಹೊರುವುದು ಕಷ್ಟವೆನಿಸಬಹುದು, ಆದರೆ ಇಲ್ಲಿಯ ಶಿಸ್ತಿನ ಭಾಷೆ ಬೇರೆ. ಗಾಂಧಿನಗರದಲ್ಲಿ ಕಾಲ್‌ಶೀಟ್ ಎಂದರೆ ನಟರು ಕೊಡುವ ದಿನಗಳು. ಇಲ್ಲಿ ಅದು ಪ್ರತಿ ರಾತ್ರಿ ಎಲ್ಲರಿಗೂ ಬರುವ ಪತ್ರ, ಯಾರು ಎಷ್ಟು ಗಂಟೆಗೆ ಎಲ್ಲಿರಬೇಕೆಂಬುದು ಅದರಲ್ಲಿರುತ್ತದೆ.

ಸಂಬಳದ ವಿಷಯದಲ್ಲಿ ಸಂಕೋಚ ಬೇಡ. ತರಬೇತಿಯ ನೆಪದಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವ ಅವಕಾಶವನ್ನು 2019ರಲ್ಲಿ ಇಲ್ಲಿಯ ಕಾನೂನು ತೆಗೆದುಹಾಕಿದೆ. 2025ರಲ್ಲಿ ಆ ವೇತನ ಗಂಟೆಗೆ 13.50 ಯೂರೊ ಇತ್ತು. ಪತ್ನಿಯವರದು ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ (ದೇಶಕ್ಕೆ ಬೇಕಾದ ವಿಶೇಷ ಕೌಶಲದವರಿಗೆ ಕೊಡುವ ಕೆಲಸದ ಪರವಾನಗಿ) ಎಂದು ಬರೆದಿರುವುದರಿಂದ ತಮಗೆ ಸ್ಟ್ಯಾಂಪ್ 1ಜಿ ಎಂಬ ವಾಸದ ಅನುಮತಿ ದೊರೆತಿರುತ್ತದೆ, ಬೇರೆ ಪರ್ಮಿಟ್ಟಿಲ್ಲದೆ ದುಡಿಯಬಹುದು. ಆದರೆ ಆ ಸ್ಟ್ಯಾಂಪಿನಲ್ಲಿ ಸ್ವಂತ ವ್ಯವಹಾರ ನಡೆಸುವಂತಿಲ್ಲ. ಆದ್ದರಿಂದ ಯಾರಾದರೂ ಸ್ವಂತ ವ್ಯವಹಾರದವರಂತೆ ಇನ್‌ವಾಯ್ಸ್ ಕೊಡಿ ಎಂದರೆ ಒಪ್ಪದೆ, ತಮ್ಮನ್ನು ನೌಕರರ ಪಟ್ಟಿಗೆ ಸೇರಿಸಿಕೊಳ್ಳಲು ಹೇಳಬೇಕು.

ಇನ್ನೊಂದು, ಯಾರೂ ಮೊದಲೇ ಹೇಳದ ಮಾತು: ಕಾರು. ನಸುಕಿನ ಐದು ಗಂಟೆಗೆ ಗಾಲ್ವೇಯ ಪಶ್ಚಿಮಕ್ಕಿರುವ ಕನಮಾರಾದ ಕಡಲಂಚಿಗೆ ಹೋಗಲು ಬಸ್ಸಿಲ್ಲ. ಭಾರತದ ಚಾಲನಾ ಪರವಾನಗಿಯನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ. ಥಿಯರಿ ಪರೀಕ್ಷೆಯಿಂದ ಆರಂಭಿಸಬೇಕು, ರಸ್ತೆ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಕ್ರೂ ಹಬ್‌ಗೆ ಪತ್ರ ಬರೆಯುವ ದಿನವೇ ಥಿಯರಿ ಪರೀಕ್ಷೆಗೂ ಹೆಸರು ಕೊಟ್ಟುಬಿಡಿ.